ಥ್ರೆಡ್ ಬಂಪ್ ಮಾಡೋದು ಹೇಗೆ, ಎಲ್ಲಿ ನಡೆಯತ್ತೆ, ಎಲ್ಲಿ ಬೈಸ್ಕೋತೀರಾ

ಫೋರಂನಲ್ಲಿ ಪ್ರಶ್ನೆ ಹಾಕಿ, ಎರಡು ದಿನ ಕಾದು, ಯಾರೂ ಏನೂ ಹೇಳದೆ ಥ್ರೆಡ್ಡು (ಆ ಪ್ರಶ್ನೆ ಮತ್ತೆ ಅದರ ಕೆಳಗಿನ ಮಾತುಕತೆ) ಮೂರನೇ ಪೇಜಿಗೆ ಜಾರಿ ಹೋದ್ಮೇಲೆ ಸುಮಾರು ಜನ ಮಾಡೋ ಕೆಲಸ ಒಂದೇ, ಅದು ಪಟ್ಟಿಯಲ್ಲಿ ಮತ್ತೆ ಮೇಲೆ ಬರ್ಲಿ ಅಂತ ಅದೇ ಥ್ರೆಡ್ಡಿನ ಕೆಳಗೆ "ಬಂಪ್" ಅಂತ ಒಂದು ಪದ ಟೈಪ್ ಮಾಡಿ ಸಬ್ಮಿಟ್ ಒತ್ತೋದು. ಕೆಲವು ಕಡೆ ಅದು ನಡೆಯತ್ತೆ, ಕೆಲವು ಕಡೆ ಏನೂ ಆಗಲ್ಲ, ಇನ್ನು ಕೆಲವು ಕಡೆ ಮಾಡರೇಟರ್, ಅಂದ್ರೆ ಫೋರಂ ನೋಡ್ಕೊಳ್ಳೋರು, ಬಂದು ವಾರ್ನಿಂಗ್ ಕೊಟ್ಟು ಥ್ರೆಡ್ಡಿಗೇ ಬೀಗ ಜಡಿದು ಹೋಗ್ತಾರೆ. ಒಂದೊಂದು ಕಡೆ ಒಂದೊಂದು ಥರ ಯಾಕೆ ಅಂತ ತಿಳ್ಕೊಂಡ್ರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗೋ ಚಾನ್ಸು ಜಾಸ್ತಿ, ಜೊತೆಗೆ ಮರ್ಯಾದೆನೂ ಉಳಿಯತ್ತೆ.

ಮೊದಲು ಒಳಗೆ ಏನು ನಡೆಯತ್ತೆ ಅಂತ ನೋಡೋಣ. ಹಳೇ ಕಾಲದ ಫೋರಂಗಳಲ್ಲಿ, ಅಂದ್ರೆ ಪಿಎಚ್‌ಪಿಬಿಬಿ, ವಿಬುಲೆಟಿನ್, ಆಮೇಲೆ ಬಂದ ಜೆನ್‌ಫೋರೋ ಥರದ ಸಾಫ್ಟ್‌ವೇರಲ್ಲಿ ನಡೆಯೋವುಗಳಲ್ಲಿ, ಥ್ರೆಡ್ಡುಗಳ ಪಟ್ಟಿ ಮಾಮೂಲಾಗಿ ಯಾವುದು ಮೊದಲು ಶುರುವಾಯ್ತು ಅನ್ನೋದರ ಮೇಲೆ ಜೋಡಣೆ ಆಗಿರಲ್ಲ, ಯಾವುದರಲ್ಲಿ ಕೊನೆಗೆ ಯಾರು ಯಾವಾಗ ಬರೆದ್ರು ಅನ್ನೋದರ ಮೇಲೆ ಆಗಿರತ್ತೆ. ಡೇಟಾಬೇಸಲ್ಲಿ ಪ್ರತಿ ಥ್ರೆಡ್ಡಿಗೂ "ಕೊನೇ ಪೋಸ್ಟಿನ ಟೈಮು" ಅಂತ ಒಂದು ಕಾಲಂ ಇರತ್ತೆ, ಯಾರಾದ್ರೂ ರಿಪ್ಲೈ ಹಾಕಿದ ತಕ್ಷಣ ಅದು ಈಗಿನ ಟೈಮಿಗೆ ಬದಲಾಗತ್ತೆ, ಪಟ್ಟಿ ತೆಗೆಯುವಾಗ ಆ ಕಾಲಂ ಮೇಲೆ ಸಾರ್ಟ್ ಮಾಡಿ ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಮೇಜಿನ ಮೇಲೆ ಕಾಗದದ ಕಟ್ಟು ಇಟ್ಕೊಂಡಿರ್ತೀವಲ್ಲ, ಕೊನೆಗೆ ಮುಟ್ಟಿದ್ದು ಮೇಲಿರತ್ತೆ, ಹಾಗೆ. ರಿಪ್ಲೈ ಒಳಗೆ ಏನು ಬರೆದಿದೆ ಅಂತ ಸಾಫ್ಟ್‌ವೇರ್ ನೋಡಲ್ಲ. ಐನೂರು ಪದದ ಉತ್ತರ ಹಾಕಿದ್ರೂ ಅಷ್ಟೇ, ಬರೀ ಒಂದು ಚುಕ್ಕಿ ಇಟ್ರೂ ಅಷ್ಟೇ, ಎರಡಕ್ಕೂ ಥ್ರೆಡ್ಡು ಮೊದಲನೇ ಸ್ಥಾನಕ್ಕೆ ಬಂದು ಕೂರತ್ತೆ. ಇದಕ್ಕೆ ಹೊರತು ಅಂದ್ರೆ ಸ್ಟಿಕಿ ಥ್ರೆಡ್ಡುಗಳು ಮಾತ್ರ, ಮಾಡರೇಟರ್ ಪಿನ್ ಮಾಡಿಟ್ಟಿರೋವು, ಅವು ಏನೇ ಆದ್ರೂ ಮೇಲೇ ಇರ್ತಾವೆ.

ಮೇಲಕ್ಕೆ ಬರೋದು ಪುಕ್ಕಟೆ ಅಲ್ಲ ಅನ್ನೋದನ್ನೂ ಗಮನಿಸಿ. ಒಂದು ಪೇಜಲ್ಲಿ ಇಪ್ಪತ್ತೋ ಇಪ್ಪತ್ತೈದೋ ಥ್ರೆಡ್ಡು ಕಾಣತ್ತೆ ಅಂದ್ಕೊಳ್ಳಿ, ನಿಮ್ಮದು ಮೇಲೆ ಬಂದಾಗ ಇನ್ಯಾರದೋ ಒಂದು ಎರಡನೇ ಪೇಜಿಗೆ ಬಿದ್ದಿರತ್ತೆ, ಎರಡನೇ ಪೇಜು ತೆರೆದು ನೋಡೋರು ತುಂಬ ಕಮ್ಮಿ. ಮಾಡರೇಟರುಗಳಿಗೆ ಬಂಪ್ ಅಂದ್ರೆ ಸಿಟ್ಟು ಬರೋದು ಇದೇ ಕಾರಣಕ್ಕೆ.

ಗೂಗಲಿನ ಹಳೇ ಸೋಶಿಯಲ್ ಸೈಟು ಆರ್ಕುಟ್ ನೆನಪಿರೋರಿಗೆ ಇದೆಲ್ಲ ಹೊಸದಲ್ಲ. 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರಲ್ಲಿ ಬಾಗಿಲು ಹಾಕೋವರೆಗೂ ಅದರ ಕಮ್ಯುನಿಟಿಗಳಲ್ಲಿ ಇದೇ ಲೆಕ್ಕ, ಕೊನೇ ಪೋಸ್ಟ್ ಬಂದಿದ್ದು ಮೇಲೆ. ಒಂದು ಗೇಮ್ ಥ್ರೆಡ್ಡು, "ಕೊನೇ ಅಕ್ಷರದಿಂದ ಹಾಡು ಹೇಳಿ" ಥರದ್ದು, ವರ್ಷಗಟ್ಟಲೆ ಮೊದಲನೇ ಪೇಜು ಬಿಟ್ಟು ಕದಲ್ತಾ ಇರ್ಲಿಲ್ಲ, ಕೆಲಸಕ್ಕೆ ಬರೋ ಪ್ರಶ್ನೆ ಹಾಕಿದೋರು ಪಾಪ ಅದರ ಕೆಳಗೆ ಮುಳುಗಿ ಹೋಗ್ತಿದ್ರು.

ನೀವಿರೋ ಜಾಗದಲ್ಲಿ ಬಂಪ್ ಅನ್ನೋದು ಇದೆಯಾ ಅಂತ ಮೊದಲು ನೋಡಿ

ಸುಮಾರು ಜನ ಎಡವೋದು ಇಲ್ಲೇ. ಎಲ್ಲಾ ಸೈಟೂ ಒಂದೇ ಥರ ಅಂದ್ಕೊಂಡು ರೆಡ್ಡಿಟಲ್ಲೂ ಹೋಗಿ ಬಂಪ್ ಅಂತ ಕಾಮೆಂಟ್ ಹಾಕ್ತಾರೆ. ಅಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ರೆಡ್ಡಿಟ್ ತನ್ನ ಕೋಡನ್ನ ಓಪನ್ ಸೋರ್ಸ್ ಮಾಡಿಟ್ಟಿದ್ದ ಕಾಲದಲ್ಲಿ "ಹಾಟ್" ಪಟ್ಟಿಯ ಲೆಕ್ಕ ಎಲ್ಲರಿಗೂ ಕಾಣೋ ಹಾಗೆ ಇತ್ತು, ಅದರಲ್ಲಿ ಇದ್ದಿದ್ದು ಎರಡೇ ವಿಷಯ, ಬಂದ ವೋಟು ಮತ್ತೆ ಪೋಸ್ಟ್ ಹಾಕಿದ ಟೈಮು. ವೋಟನ್ನ ಲಾಗರಿದಮ್ಮಲ್ಲಿ ತಗೊಂಡು ಟೈಮನ್ನ 45000 ಸೆಕೆಂಡಿಂದ ಭಾಗಿಸ್ತಿದ್ರು, ಅಂದ್ರೆ ಹನ್ನೆರಡೂವರೆ ಗಂಟೆ ಹಳೇ ಪೋಸ್ಟು ಹೊಸ ಪೋಸ್ಟಿನ ಸಮಕ್ಕೆ ನಿಲ್ಬೇಕಂದ್ರೆ ಅದಕ್ಕೆ ಹತ್ತು ಪಟ್ಟು ವೋಟ್ ಬೇಕಿತ್ತು. ಕಾಮೆಂಟಿಗೆ ಆ ಲೆಕ್ಕದಲ್ಲಿ ಜಾಗವೇ ಇರ್ಲಿಲ್ಲ. ಹಾಗಾಗಿ ಅಲ್ಲಿ ಒಂದು ದಿನದ ಮೇಲೆ ಪ್ರಶ್ನೆ ಸತ್ತಂಗೇ, ಇನ್ನೂ ಚೆನ್ನಾಗಿ ಬರೆದು ಹೊಸದಾಗಿ ಹಾಕೋದೇ ದಾರಿ, ಅದೂ ಆ ಸಬ್‌ರೆಡ್ಡಿಟ್ಟಿನ ರೂಲ್ಸ್ ಒಪ್ಪಿದ್ರೆ.

ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸೈಟು ಸ್ಟಾಕ್ ಓವರ್‌ಫ್ಲೋ ಇನ್ನೊಂದು ಥರ. ಅಲ್ಲಿ ಕಾಮೆಂಟ್ ಹಾಕಿದ್ರೆ ಪ್ರಶ್ನೆ ಮೇಲೆ ಬರಲ್ಲ, ಆದ್ರೆ ಪ್ರಶ್ನೆಯನ್ನ ಎಡಿಟ್ ಮಾಡಿದ್ರೆ "ಆಕ್ಟಿವ್" ಪಟ್ಟಿಯಲ್ಲಿ ಮೇಲೆ ಬರತ್ತೆ. ಅಂದ್ರೆ ಸೈಟೇ ನಿಮಗೆ ಹೇಳ್ತಿದೆ, ಮೇಲೆ ಬರ್ಬೇಕಾದ್ರೆ ಪ್ರಶ್ನೆಯನ್ನ ಸುಧಾರಿಸಿ ಅಂತ. ಹಾಗಂತ ಕಾಮಾ ತೆಗೆದು ಕಾಮಾ ಹಾಕೋ ಎಡಿಟ್ ಮಾಡ್ತಾ ಕೂತ್ರೆ ಎಡಿಟ್ ಹಿಸ್ಟರಿಯಲ್ಲಿ ಎಲ್ಲಾ ಕಾಣತ್ತೆ, ಹಿಡಿದು ಹಾಕ್ತಾರೆ. ಇನ್ನೊಂದು ದಾರಿ ಬೌಂಟಿ, ನಿಮ್ಮ ರೆಪ್ಯುಟೇಶನ್ನಿಂದ (ಆ ಸೈಟಲ್ಲಿ ನೀವು ಗಳಿಸಿದ ಅಂಕ) ಕನಿಷ್ಠ 50 ಪಾಯಿಂಟ್ ಪಣಕ್ಕಿಟ್ರೆ ಪ್ರಶ್ನೆ ಏಳು ದಿನ ಬೇರೆ ಟ್ಯಾಬಲ್ಲಿ ಎದ್ದು ಕಾಣೋ ಹಾಗೆ ಇರತ್ತೆ, ಉತ್ತರ ಬರ್ಲಿ ಬಿಡ್ಲಿ ಆ ಪಾಯಿಂಟ್ ವಾಪಸ್ ಇಲ್ಲ. ಜೊತೆಗೆ ಅಲ್ಲಿ ಕಮ್ಯುನಿಟಿ ಅನ್ನೋ ಹೆಸರಿನ ಬಾಟ್ ಒಂದಿದೆ, ಉತ್ತರ ಬಂದಿದ್ದೂ ಯಾರೂ ವೋಟ್ ಹಾಕದೆ ಬಿದ್ದಿರೋ ಹಳೇ ಪ್ರಶ್ನೆಗಳನ್ನ ಅದೇ ಆಗಾಗ ಎತ್ತಿ ಮೇಲೆ ಹಾಕ್ತಾ ಇರತ್ತೆ. ಐದು ವರ್ಷ ಹಳೇ ಪ್ರಶ್ನೆ ಇದ್ದಕ್ಕಿದ್ದಂಗೆ ಹೋಂ ಪೇಜಲ್ಲಿ ಕಂಡ್ರೆ ಗಾಬರಿ ಆಗ್ಬೇಡಿ, ಅದರ ಕೆಲಸ ಅದು.

ಫೇಸ್‌ಬುಕ್ ಗ್ರೂಪಲ್ಲಿ ನೋಡೋರು ಯಾವ ಸಾರ್ಟ್ ಇಟ್ಕೊಂಡಿದ್ದಾರೆ ಅನ್ನೋದರ ಮೇಲೆ ಹೋಗತ್ತೆ, "ಇತ್ತೀಚಿನ ಚಟುವಟಿಕೆ" ಇಟ್ಕೊಂಡೋರಿಗೆ ಕಾಮೆಂಟ್ ಬಿದ್ದ ಪೋಸ್ಟ್ ಮೇಲೆ ಬರತ್ತೆ, "ಹೊಸ ಪೋಸ್ಟ್" ಇಟ್ಕೊಂಡೋರಿಗೆ ನೀವು ನೂರು ಸಲ "ಅಪ್" ಅಂದ್ರೂ ಕಾಣಲ್ಲ. ಡಿಸ್ಕಾರ್ಡಿನ ಫೋರಂ ಚಾನೆಲ್ಲಲ್ಲೂ ಎರಡು ಸಾರ್ಟ್ ಇದೆ, ಜೊತೆಗೆ ಒಂದು ಗಂಟೆ, 24 ಗಂಟೆ, ಮೂರು ದಿನ, ಒಂದು ವಾರ ಇದರಲ್ಲಿ ಯಾವುದಾದ್ರೂ ಒಂದು ಗಡುವು ಇರತ್ತೆ, ಅಷ್ಟು ಹೊತ್ತು ಯಾರೂ ಮಾತಾಡದಿದ್ರೆ ಪೋಸ್ಟು ಹಳೇ ಪೋಸ್ಟುಗಳ ಸಾಲಿಗೆ ಸರಿದುಬಿಡತ್ತೆ, ಒಂದು ಮೆಸೇಜ್ ಹಾಕಿದ್ರೆ ಮತ್ತೆ ಎದ್ದು ಬರತ್ತೆ. ಡಿಸ್ಕಾರ್ಡಲ್ಲಿ ಎರಡು ಗಂಟೆಗೊಂದು ಸಲ ಬಂಪ್ ಕಮಾಂಡ್ ಹೊಡೆಯೋದು ನೋಡಿರ್ತೀರಾ, ಅದು ಡಿಸ್‌ಬೋರ್ಡ್ ಅನ್ನೋ ಪಟ್ಟಿಯಲ್ಲಿ ಇಡೀ ಸರ್ವರನ್ನೇ ಮೇಲೆ ತರೋಕೆ, ನಿಮ್ಮ ಪ್ರಶ್ನೆಗೂ ಅದಕ್ಕೂ ಸಂಬಂಧ ಇಲ್ಲ.

ನಮ್ಮ ಕನ್ನಡ ವಿಕಿಪೀಡಿಯದ ಅರಳಿಕಟ್ಟೆಯಲ್ಲಂತೂ ಬಂಪ್ ಅನ್ನೋ ಮಾತೇ ಇಲ್ಲ. ಅದು ಎಲ್ಲರೂ ಚರ್ಚೆ ಮಾಡೋ ಬರೀ ಒಂದು ಉದ್ದನೇ ಪುಟ, ಹೊಸ ವಿಷಯ ಕೆಳಗೆ ಸೇರ್ತಾ ಹೋಗತ್ತೆ, ಹಳೇ ವಿಷಯಕ್ಕೆ ಉತ್ತರ ಬರೆದ್ರೆ ಅದು ಇದ್ದಲ್ಲೇ ಇರತ್ತೆ. ಆದ್ರೆ ಪುಟವನ್ನ ವೀಕ್ಷಣಾಪಟ್ಟಿಗೆ ಹಾಕ್ಕೊಂಡೋರಿಗೆ ಬದಲಾವಣೆ ಕಾಣತ್ತೆ, ಮತ್ತೆ ಯಾರನ್ನಾದ್ರೂ ಕರೀಬೇಕಂದ್ರೆ ಅವರ ಸದಸ್ಯ ಪುಟಕ್ಕೆ ಲಿಂಕ್ ಕೊಟ್ಟು ಸಹಿ ಹಾಕಿದ್ರೆ ನೋಟಿಫಿಕೇಶನ್ ಹೋಗತ್ತೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇನ್ನೊಂದು ತಮಾಷೆ, ಅಲ್ಲಿ ಚರ್ಚೆಗಳನ್ನ ಬಾಟ್ ಆರ್ಕೈವ್ ಮಾಡೋದು ಆ ವಿಭಾಗದ ಕೊನೇ ಸಹಿಯ ಟೈಮ್ ನೋಡಿ, ಹಾಗಾಗಿ ಅಲ್ಲಿ ಒಂದು ಸಾಲು ಬರೆದ್ರೆ ಚರ್ಚೆ ಮೇಲೆ ಬರಲ್ಲ, ಆದ್ರೆ ಕಪಾಟಿಗೆ ಹೋಗೋದು ಮುಂದಕ್ಕೆ ಹೋಗತ್ತೆ.

ಇನ್ನು ಜಪಾನಿನ 2ಚಾನೆಲ್ ಹತ್ರ ಒಂದು ಒಳ್ಳೇ ಪದ್ಧತಿ ಇತ್ತು, 1999ರಲ್ಲಿ ಶುರುವಾದ ಸೈಟು. ಅಲ್ಲಿ ಈಮೇಲ್ ಬಾಕ್ಸಲ್ಲಿ "ಸಗೆ" ಅಂತ ಬರೆದು ಪೋಸ್ಟ್ ಹಾಕಿದ್ರೆ ರಿಪ್ಲೈ ಹೋಗತ್ತೆ, ಆದ್ರೆ ಥ್ರೆಡ್ಡು ಮೇಲೆ ಬರಲ್ಲ. ತಲೆಕೆಟ್ಟೋರ ಕಣ್ಣಿಗೆ ಬೀಳದ ಹಾಗೆ ತಮ್ಮ ಪಾಡಿಗೆ ಮಾತಾಡ್ಕೊಂಡಿರೋಕೆ ಜನ ಇದನ್ನ ಬಳಸ್ತಿದ್ರು. ಒಂದು ಥ್ರೆಡ್ಡಿಗೆ 1000 ಪೋಸ್ಟ್ ಆಯ್ತು ಅಂದ್ರೆ ಮುಗೀತು, ಹೊಸದು ತೆಗೀಬೇಕು. ಅದರಿಂದ ಕವಲೊಡೆದ ಫುಟಾಬಾ ಚಾನೆಲ್ ಅನ್ನೋ ಸೈಟನ್ನ ನೋಡಿ 2003ರಲ್ಲಿ ಬಂದ 4ಚಾನಲ್ಲಿ ಬಂಪ್ ಲಿಮಿಟ್ ಅಂತ ಇದೆ, ಇಷ್ಟು ರಿಪ್ಲೈ ದಾಟಿದ ಮೇಲೆ ಎಷ್ಟೇ ಬರೆದ್ರೂ ಥ್ರೆಡ್ಡು ಏಳಲ್ಲ, ನಿಧಾನಕ್ಕೆ ಕೊನೇ ಪೇಜಿಗೆ ಹೋಗಿ ಆಮೇಲೆ ಬೋರ್ಡಿಂದಲೇ ಬಿದ್ದು ಹೋಗತ್ತೆ. ಎಲ್ಲಾ ಫೋರಂಗೂ ಈ ಎರಡು ಇದ್ದಿದ್ರೆ ಅರ್ಧ ಜಗಳ ಇರ್ತಿರ್ಲಿಲ್ಲ ಅನ್ನೋದು ನನ್ನ ಅನಿಸಿಕೆ.

ಬಟನ್ ಇದ್ರೆ ಬಟನ್ ಒತ್ತಿ

ಪಿಎಚ್‌ಪಿಬಿಬಿ ಫೋರಂಗಳಲ್ಲಿ ಬಂಪ್ ಮಾಡೋಕೇ ಅಂತ ಒಂದು ಲಿಂಕ್ ಇರತ್ತೆ, ತುಂಬ ಜನಕ್ಕೆ ಗೊತ್ತೇ ಇಲ್ಲ, ಯಾಕಂದ್ರೆ ಅದು ಯಾವಾಗ್ಲೂ ಕಾಣಲ್ಲ. ಕೊನೇ ಪೋಸ್ಟ್ ಆಗಿ ಇಂತಿಷ್ಟು ಟೈಮ್ ಕಳೆದ ಮೇಲಷ್ಟೇ ಕಾಣತ್ತೆ, ಅದೂ ಥ್ರೆಡ್ ಶುರು ಮಾಡಿದೋರಿಗೆ ಅಥವಾ ಕೊನೇ ಪೋಸ್ಟ್ ಹಾಕಿದೋರಿಗೆ ಮಾತ್ರ (ಮಾಡರೇಟರುಗಳನ್ನ ಬಿಟ್ಟು). ಇನ್‌ಸ್ಟಾಲ್ ಮಾಡಿದಾಗ ಬರೋ ಸೆಟ್ಟಿಂಗ್ ಪ್ರಕಾರ ಆ ಟೈಮು 10 ದಿನ. ಅಡ್ಮಿನ್ ಬೇಕಾದ್ರೆ ನಿಮಿಷ ಗಂಟೆ ಲೆಕ್ಕದಲ್ಲೂ ಇಡಬಹುದು, ಸೊನ್ನೆ ಮಾಡಿದ್ರೆ ಬಂಪ್ ಪೂರ್ತಿ ಬಂದ್. ಲಿಂಕ್ ಒತ್ತಿದ್ರೆ ಹೊಸ ಪೋಸ್ಟ್ ಏನೂ ಸೇರಲ್ಲ, ಥ್ರೆಡ್ಡು ಸುಮ್ಮನೆ ಮೇಲೆ ಬರತ್ತೆ, ಕೆಳಗೆ ಇಂಥೋರು ಇಂಥ ದಿನ ಬಂಪ್ ಮಾಡಿದ್ರು ಅಂತ ಒಂದು ಸಾಲು ಬೀಳತ್ತೆ. ಗಲೀಜಿಲ್ಲದ ಕೆಲಸ. ನಿಮ್ಮ ಫೋರಂನಲ್ಲಿ ಆ ಲಿಂಕ್ ಇದ್ದೂ ನೀವು "ಬಂಪ್" ಅಂತ ಟೈಪ್ ಮಾಡ್ತಿದ್ರೆ ಮಾಡರೇಟರಿಗೆ ಸಿಟ್ಟು ಬರೋದು ನ್ಯಾಯವೇ.

ಡಿಸ್ಕೋರ್ಸ್ ಅನ್ನೋದು 2013ರಲ್ಲಿ ಬಂದಿದ್ದು, ಈಗ ಕಂಪನಿಗಳ ಸಪೋರ್ಟ್ ಫೋರಂ, ಓಪನ್ ಸೋರ್ಸ್ ಪ್ರಾಜೆಕ್ಟುಗಳ ಫೋರಂ ಸುಮಾರು ಇದರಲ್ಲೇ ಇದಾವೆ. ಇಲ್ಲಿ ಮಾಮೂಲಿ ಸದಸ್ಯರಿಗೆ ಬಟನ್ ಇಲ್ಲ, ರಿಪ್ಲೈ ಹಾಕಿದ್ರೆ ಮೇಲೆ ಬರತ್ತೆ ಅಷ್ಟೇ. ಆದ್ರೆ ಇನ್ನೊಬ್ಬರು ಶುರು ಮಾಡಿದ ಥ್ರೆಡ್ಡಲ್ಲಿ ಒಬ್ಬರೇ ಒಂದರ ಕೆಳಗೊಂದು ಹಾಕ್ತಾ ಹೋದ್ರೆ ಸಾಮಾನ್ಯವಾಗಿ ಮೂರಕ್ಕೆ ನಿಲ್ಲಿಸತ್ತೆ, ಬೇರೆಯೋರು ಮಾತಾಡೋವರೆಗೂ ಬಿಡಲ್ಲ (ಥ್ರೆಡ್ ಶುರು ಮಾಡಿದೋರಿಗೆ ಈ ಮಿತಿ ಇಲ್ಲ). ಹಾಗಾಗಿ ಅಂಥ ಕಡೆ ಇರೋ ಮೂರನ್ನ "ಯಾರಾದ್ರೂ ಇದೀರಾ", "ಹಲೋ", "ಪ್ಲೀಸ್" ಅಂತ ಖರ್ಚು ಮಾಡ್ಕೋಬೇಡಿ, ಆಮೇಲೆ ನಿಜವಾಗ್ಲೂ ಹೇಳೋ ವಿಷಯ ಇದ್ದಾಗ ಬಾಯಿ ಕಟ್ಟಿರತ್ತೆ.

ಕೆಲವು ಕಡೆ ಒಬ್ಬರೇ ಹಾಕಿದ ಸಾಲು ಪೋಸ್ಟುಗಳನ್ನ ಸಾಫ್ಟ್‌ವೇರೇ ಒಂದಕ್ಕೊಂದು ಅಂಟಿಸಿಬಿಡತ್ತೆ. ಅಂಥ ಕಡೆ ನಿಮ್ಮ ಬಂಪು ಹಿಂದಿನ ಪೋಸ್ಟಿನ ಬಾಲ ಆಗಿ ಸೇರ್ಕೊಳ್ಳತ್ತೆ, ಥ್ರೆಡ್ಡು ಮೇಲೆ ಬರಬಹುದು ಬರದೇ ಇರಬಹುದು. ಹಾಕಿದ ಮೇಲೆ ಪಟ್ಟಿಗೆ ವಾಪಸ್ ಹೋಗಿ ಒಂದ್ಸಲ ಕಣ್ಣಾಡಿಸಿ.

ಎಷ್ಟು ಕಾಯಬೇಕು

ರೂಲ್ಸ್ ಪೇಜಲ್ಲಿ ಬರೆದಿದ್ರೆ ಅದೇ ಕೊನೇ ಮಾತು. ಬರೆದಿಲ್ಲ ಅಂದ್ರೆ ಪಟ್ಟಿ ನೋಡಿ ಅಂದಾಜು ಮಾಡಿ. ಮೊದಲನೇ ಪೇಜಿನ ಕಟ್ಟಕಡೆಯ ಥ್ರೆಡ್ಡಿನ ಟೈಮ್ ನೋಡಿ, ಅದು ಇವತ್ತು ಬೆಳಿಗ್ಗೆದು ಅಂದ್ರೆ ಜನ ಜಾಸ್ತಿ ಇರೋ ಫೋರಂ, ಒಂದು ದಿನ ಕಾದು ಬಂಪ್ ಮಾಡಿದ್ರೆ ಯಾರೂ ಏನೂ ಅನ್ನಲ್ಲ. ಅದು ಹೋದ ತಿಂಗಳದ್ದು ಅಂದ್ರೆ ನಿಮ್ಮ ಥ್ರೆಡ್ಡು ಇನ್ನೂ ಮೊದಲ ಪೇಜಲ್ಲೇ ಇದೆ, ನೋಡಬೇಕಾದೋರು ನೋಡಿದ್ದಾರೆ, ಉತ್ತರ ಗೊತ್ತಿಲ್ಲ ಅಷ್ಟೇ. ಅಲ್ಲಿ ಬಂಪ್ ಮಾಡಿ ಏನು ಪ್ರಯೋಜನ, ಮೇಲೇ ಇರೋದನ್ನ ಇನ್ನೂ ಮೇಲೆ ತರೋಕಾಗಲ್ಲ. ಈ ಒಂದು ವಿಷಯ ಎಷ್ಟೋ ಜನಕ್ಕೆ ಹೊಳೆಯಲ್ಲ, ಎರಡನೇ ಸ್ಥಾನದಲ್ಲಿರೋ ಥ್ರೆಡ್ಡನ್ನ ಬಂಪ್ ಮಾಡ್ತಾರೆ.

ಲಿನಕ್ಸ್ ಕರ್ನಲ್ ಪ್ರಾಜೆಕ್ಟಲ್ಲಿ ಇದೇ ವಿಷಯಕ್ಕೆ ಬರೆದಿಟ್ಟ ನಿಯಮ ಇದೆ, ಅಲ್ಲಿ ಬಂಪ್ ಅನ್ನಲ್ಲ ಪಿಂಗ್ ಅಂತಾರೆ. ಪ್ಯಾಚ್ (ಕೋಡಿಗೆ ಮಾಡಿದ ಬದಲಾವಣೆ) ಕಳಿಸಿ ಕನಿಷ್ಠ ಒಂದು ವಾರ ಕಾಯಿರಿ, ಮರ್ಜ್ ವಿಂಡೋ (ಹೊಸ ಕೋಡನ್ನ ಒಳಗೆ ಸೇರಿಸ್ಕೊಳ್ಳೋ ಅವಧಿ) ಥರ ಎಲ್ಲರೂ ಬಿಜಿ ಇರೋ ಹೊತ್ತಲ್ಲಿ ಇನ್ನೂ ಜಾಸ್ತಿ ಕಾಯಿರಿ ಅಂತ ಅವರ ಗೈಡಲ್ಲೇ ಇದೆ. ಉತ್ತರ ಕೊಡೋರು ಸಂಬಳ ಇಲ್ಲದೆ ಕೂತು ಓದೋರು ಆಗಿದ್ರೆ ಈ ಒಂದು ವಾರದ ಲೆಕ್ಕ ಎಲ್ಲಾ ಕಡೆನೂ ಹೊಂದತ್ತೆ. ಮಾರಾಟ ವಿಭಾಗಗಳಲ್ಲಿ ಮಾತ್ರ ಬೇರೆ, ಅಲ್ಲಿ ಎಲ್ಲರಿಗೂ ತಮ್ಮ ಮಾಲು ಮೇಲೆ ಇರ್ಬೇಕು, ಅದಕ್ಕೇ ಸುಮಾರು ಫೋರಂಗಳಲ್ಲಿ ದಿನಕ್ಕೊಂದೋ ವಾರಕ್ಕೊಂದೋ ಅಂತ ಕಟ್ಟುನಿಟ್ಟು ಇಟ್ಟಿರ್ತಾರೆ, ಮೀರಿದ್ರೆ ಥ್ರೆಡ್ ಎತ್ತಿ ಬಿಸಾಕ್ತಾರೆ. ಅಲ್ಲಿ ಬಂಪ್ ಮಾಡುವಾಗ ರೇಟ್ ಇಳಿಸಿದ್ರೆ, ಇನ್ನೂ ಎರಡು ಫೋಟೋ ಸೇರಿಸಿದ್ರೆ ಬಂಪಿಗೆ ಒಂದು ಅರ್ಥ ಇರತ್ತೆ.

ಹೊತ್ತು ನೋಡ್ಕೊಂಡು ಮಾಡೋದೂ ಒಂದು ಕಲೆ. ಅಮೆರಿಕದೋರು ಜಾಸ್ತಿ ಇರೋ ಫೋರಂ ಆದ್ರೆ ನೀವು ಬೆಂಗಳೂರಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಕಾಫಿ ಕುಡೀತಾ ಬಂಪ್ ಮಾಡಿದ್ರೆ ಅಲ್ಲಿ ನಡುರಾತ್ರಿ, ಅವರು ಏಳೋ ಹೊತ್ತಿಗೆ ನಿಮ್ಮದು ಮತ್ತೆ ಕೆಳಗೆ. ನ್ಯೂಯಾರ್ಕಲ್ಲಿ ಬೆಳಿಗ್ಗೆ ಒಂಬತ್ತು ಅಂದ್ರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಊಟಕ್ಕೆ ಕೂರೋ ಮುಂಚೆ ಹಾಕಿ. ನಮ್ಮ ಕನ್ನಡದ ಗ್ರೂಪುಗಳಿಗೆ ರಾತ್ರಿ ಒಂಬತ್ತರ ಮೇಲೆ ಒಳ್ಳೇ ಹೊತ್ತು, ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿರ್ತಾರೆ, ಬೇಡ.

ಏನು ಬರೀಬೇಕು

ಈಗ ನಿಜವಾದ ವಿಷಯಕ್ಕೆ ಬರೋಣ. ಬಂಪ್ ಅನ್ನೋದು ಥ್ರೆಡ್ಡನ್ನ ಮೇಲೆ ತರತ್ತೆ ಅಷ್ಟೇ, ಉತ್ತರ ತರಲ್ಲ. ಮೊದಲನೇ ಸಲ ನೋಡಿ ಸುಮ್ಮನೆ ಹೋದೋನು ಎರಡನೇ ಸಲ ಅದೇ ನೋಡಿದ್ರೆ ಮತ್ತೆ ಸುಮ್ಮನೆ ಹೋಗ್ತಾನೆ, ಅವನಿಗೆ ನಿಲ್ಲೋಕೆ ಒಂದು ಹೊಸ ಕಾರಣ ಬೇಕು.

ಒಂದು ಉದಾಹರಣೆ ತಗೊಳ್ಳೋಣ. ಒಬ್ಬರ ಹತ್ರ ಹಳೇ ನುಡಿ ಫೈಲುಗಳಿವೆ, ಸಂಘದ ವರದಿಗಳು ಅಂತಿಟ್ಕೊಳ್ಳಿ, ಯೂನಿಕೋಡ್ ಬರೋ ಮುಂಚಿನ ಫಾಂಟಲ್ಲಿ ಟೈಪ್ ಮಾಡಿರೋವು, ಈಗ ಹೊಸ ಲ್ಯಾಪ್‌ಟಾಪಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸುಮೇಲೋಗರ. ಅವರು ಹಾಕಿದ ಥ್ರೆಡ್ಡಿನ ಟೈಟಲ್ಲು "ಹೆಲ್ಪ್ ಬೇಕು", ಒಳಗೆ "ನುಡಿ ಫೈಲ್ ಓಪನ್ ಆಗ್ತಿಲ್ಲ, ಯಾರಾದ್ರೂ ಹೇಳಿ". ಎರಡು ದಿನ ಆದ್ರೂ ಯಾರೂ ಹೇಳಿಲ್ಲ. ಈಗ ಅವರು ಹಾಕಬಹುದಾದ ಬಂಪುಗಳು ನೋಡಿ.

"ಬಂಪ್". ಇದರಿಂದ ಗೊತ್ತಾಗೋದು ಇವರಿಗೆ ಇನ್ನೂ ಉತ್ತರ ಬೇಕು ಅನ್ನೋದು ಒಂದೇ.

"187 ಜನ ನೋಡಿದೀರಾ, ಒಬ್ಬರಿಗೂ ಉತ್ತರ ಕೊಡೋ ಮನಸ್ಸಿಲ್ವಾ". ಇದು ಎಲ್ಲಕ್ಕಿಂತ ಕೆಟ್ಟದು. ಆ ವ್ಯೂ ಕೌಂಟಲ್ಲಿ ಸರ್ಚ್ ಎಂಜಿನ್ನುಗಳ ಬಾಟ್ ಸೇರಿರಬಹುದು, ಲಾಗಿನ್ ಆಗದೆ ಓದೋರು ಇರ್ತಾರೆ, ನೀವೇ ದಿನಕ್ಕೆ ಹತ್ತು ಸಲ ಉತ್ತರ ಬಂತಾ ಅಂತ ನೋಡಿದ್ದೂ ಇರಬಹುದು. ಅದೂ ಅಲ್ದೆ ಇದನ್ನ ಓದಿ ಬೈಸ್ಕೊಂಡೋರು ಯಾರು, ಇವತ್ತು ಮೊದಲನೇ ಸಲ ಥ್ರೆಡ್ ತೆರೆದು ಸಹಾಯ ಮಾಡೋಣ ಅಂತ ಬಂದೋರು.

ಈಗ ಇದನ್ನ ನೋಡಿ. "ಅಪ್‌ಡೇಟ್: ಎರಡು ಕನ್ವರ್ಟರ್ ಟ್ರೈ ಮಾಡಿದೆ. ಮಾಮೂಲಿ ಅಕ್ಷರ ಎಲ್ಲಾ ಸರಿ ಬಂತು, ಅರ್ಕಾವತ್ತು ಇರೋ ಪದಗಳಲ್ಲಿ ಮಾತ್ರ ತಪ್ಪಾಗ್ತಿದೆ, 'ಕಾರ್ಯಕ್ರಮ' ಅನ್ನೋದರಲ್ಲಿ 'ಕಾಯ' ಆದ್ಮೇಲೆ ಒಂದು ವಿಚಿತ್ರ ಚಿಹ್ನೆ ಬಂದು ಆಮೇಲೆ 'ಕ್ರಮ' ಬರ್ತಿದೆ. ಟೇಬಲ್ ಒಳಗಿರೋ ಟೆಕ್ಸ್ಟ್ ಕನ್ವರ್ಟೇ ಆಗಿಲ್ಲ. ಒಂದು ಪುಟದ ಸ್ಯಾಂಪಲ್ ಅಟ್ಯಾಚ್ ಮಾಡಿದ್ದೀನಿ. ಟೇಬಲ್ ಸಮೇತ ಕನ್ವರ್ಟ್ ಮಾಡೋ ದಾರಿ ಯಾರಿಗಾದ್ರೂ ಗೊತ್ತಾ?"

ಇದನ್ನ ನೋಡಿದ ತಕ್ಷಣ ವಿಷಯ ಗೊತ್ತಿರೋನಿಗೆ ಕೈ ತುರಿಸತ್ತೆ. ಹಳೇ ಫಾಂಟುಗಳಲ್ಲಿ ಅರ್ಕಾವತ್ತನ್ನ ಕಣ್ಣಿಗೆ ಕಾಣೋ ಹಾಗೆ ವ್ಯಂಜನದ ಹಿಂದೆ ಇಡ್ತಿದ್ರು, ಯೂನಿಕೋಡಲ್ಲಿ ಅದೇ ರಕಾರ ಮೊದಲು ಬರತ್ತೆ, ಕನ್ವರ್ಟರ್ ಅದನ್ನ ಹಿಂದು ಮುಂದು ಮಾಡಿಲ್ಲ ಅಂದ್ರೆ ಹೀಗೇ ಆಗೋದು, ಅಂತ ಅವನು ಒಂದೇ ಸಾಲಲ್ಲಿ ಹೇಳಿ ಒಂದು ಪರಿಹಾರನೂ ಕೊಡ್ತಾನೆ. ಮೊದಲನೇ ಪ್ರಶ್ನೆಗೆ ಅವನು ಉತ್ತರ ಕೊಡ್ಬೇಕಿದ್ರೆ ಯಾವ ನುಡಿ, ಯಾವ ಫೈಲು, ಏನು ಕಾಣ್ತಿದೆ ಅಂತ ನಾಲ್ಕು ಪ್ರಶ್ನೆ ವಾಪಸ್ ಕೇಳಬೇಕಿತ್ತು, ಅಷ್ಟು ಪುರುಸೊತ್ತು ಯಾರಿಗಿದೆ.

ಜೊತೆಗೆ ಮೊದಲನೇ ಪೋಸ್ಟಿಗೆ ಹೋಗಿ ಟೈಟಲ್ ಬದಲಾಯಿಸಿ. "ಹೆಲ್ಪ್ ಬೇಕು" ಅನ್ನೋದನ್ನ "ನುಡಿ ಫೈಲ್ ಯೂನಿಕೋಡಿಗೆ: ಅರ್ಕಾವತ್ತು ತಪ್ಪಾಗ್ತಿದೆ, ಟೇಬಲ್ ಕನ್ವರ್ಟ್ ಆಗ್ತಿಲ್ಲ" ಅಂತ ಮಾಡಿ. ಪಟ್ಟಿಯಲ್ಲಿ ಕಾಣೋದು ಟೈಟಲ್ ಒಂದೇ, ಕೆಟ್ಟ ಟೈಟಲ್ ಇಟ್ಕೊಂಡು ಹತ್ತು ಸಲ ಬಂಪ್ ಮಾಡಿದ್ರೂ ಹತ್ತು ಸಲ ಅದೇ ಕೆಟ್ಟ ಟೈಟಲ್ ಕಾಣತ್ತೆ. ಕೆಲಸದ ಅನುಕ್ರಮ ಹೀಗಿರ್ಲಿ, ಮೊದಲು ಟೈಟಲ್, ಆಮೇಲೆ ಮೊದಲ ಪೋಸ್ಟಲ್ಲಿ ಬಿಟ್ಟು ಹೋದ ವಿವರ ಸೇರಿಸೋದು, ಕೊನೆಗೆ ಅಪ್‌ಡೇಟ್ ರಿಪ್ಲೈ. ಯಾಕಂದ್ರೆ ಹಳೇ ಥರದ ಫೋರಂಗಳಲ್ಲಿ ಎಡಿಟ್ ಮಾಡಿದ್ರೆ ಥ್ರೆಡ್ಡು ಮೇಲೆ ಬರಲ್ಲ, ರಿಪ್ಲೈ ಹಾಕಿದ್ರೇ ಬರೋದು, ಹಾಗಾಗಿ ಎಲ್ಲಾ ರೆಡಿ ಮಾಡ್ಕೊಂಡು ಆಮೇಲೆ ಮೇಲೆ ತನ್ನಿ. ಕೆಲವು ಫೋರಂನಲ್ಲಿ ಸ್ವಲ್ಪ ಹೊತ್ತಾದ್ಮೇಲೆ ಎಡಿಟ್ ಬೀಗ ಬೀಳತ್ತೆ, ಆಗ ಟೈಟಲ್ ಬದಲಾಯಿಸೋಕೆ ಮಾಡರೇಟರಿಗೆ ಒಂದು ಮೆಸೇಜ್ ಹಾಕಿ, ಮರ್ಯಾದೆಯಿಂದ ಕೇಳಿದ್ರೆ ಮಾಡಿಕೊಡ್ತಾರೆ.

ಟೆಸ್ಟ್ ಮಾಡೋಕೆ ಹೊಸದೇನೂ ಇಲ್ಲ, ಸೇರಿಸೋ ವಿವರ ಇಲ್ಲ, ಏನು ಬರೀಲಿ ಅಂದ್ರೆ, ಪ್ರಶ್ನೆಯನ್ನ ಚಿಕ್ಕದು ಮಾಡಿ. ಇಡೀ ಪರಿಹಾರ ಕೇಳೋ ಬದಲು ಮುಂದಿನ ಒಂದು ಹೆಜ್ಜೆ ಕೇಳಿ. ಅದೂ ಇಲ್ಲ ಅಂದ್ರೆ ಇನ್ನೂ ಬಂಪ್ ಮಾಡೋ ಹೊತ್ತು ಬಂದಿಲ್ಲ.

ಡಿಲೀಟ್ ಮಾಡಿ ಮತ್ತೆ ಹಾಕೋದು, ಇನ್ನೊಂದು ಅಕೌಂಟಿಂದ ಬಂದು "ನಂಗೂ ಇದೇ ಪ್ರಾಬ್ಲಂ, ಯಾರಾದ್ರೂ ಹೇಳಿ" ಅನ್ನೋದು, ಫ್ರೆಂಡಿಗೆ ಹೇಳಿ ಕಾಮೆಂಟ್ ಹಾಕ್ಸೋದು, ಇವೆಲ್ಲ ಬೇಡ. ಅಡ್ಮಿನ್ನಿಗೆ ಐಪಿ ಕಾಣತ್ತೆ. ಎರಡನೇ ಅಕೌಂಟ್ ಸಿಕ್ಕಿಬಿದ್ರೆ ಸುಮಾರು ಕಡೆ ಎರಡೂ ಬ್ಯಾನ್.

ಹಳೇ ಥ್ರೆಡ್ಡು ಎಬ್ಬಿಸೋದು

ಮೂರು ವರ್ಷ ಹಿಂದೆ ಮುಗಿದು ಹೋದ ಥ್ರೆಡ್ಡಿಗೆ ಹೋಗಿ "ಥ್ಯಾಂಕ್ಸ್ ಬ್ರೋ" ಅಂತ ಹಾಕೋದಿದೆಯಲ್ಲ, ಅದಕ್ಕೆ ನೆಕ್ರೋ ಅಂತಾರೆ, ಮಾಡರೇಟರುಗಳಿಗೆ ಬಂಪಿಗಿಂತ ಇದರ ಮೇಲೆ ಸಿಟ್ಟು. ಅದರಲ್ಲಿದ್ದೋರಿಗೆಲ್ಲ ನೋಟಿಫಿಕೇಶನ್ ಹೋಗತ್ತೆ, ಆಸೆಯಿಂದ ತೆರೆದು ನೋಡಿದ್ರೆ ಒಳಗೆ ಏನೂ ಇಲ್ಲ. ಇನ್ನೂ ಕಷ್ಟ ಅಂದ್ರೆ ತಾರೀಖು ನೋಡದೆ ಹೊಸಬರು ಮೊದಲನೇ ಪೋಸ್ಟಿಗೇ ಉತ್ತರ ಕೊಡೋಕೆ ಶುರು ಮಾಡ್ತಾರೆ, ಫೋನ್ ಬಗ್ಗೆ ಕೇಳಿದೋರು ಅಷ್ಟರಲ್ಲಿ ಆ ಫೋನೇ ಮಾರಿ ಎರಡು ಫೋನ್ ಬದಲಾಯಿಸಿರ್ತಾರೆ. ಡಿಸ್ಕೋರ್ಸಲ್ಲಿ ಇದಕ್ಕೇ ಒಂದು ಎಚ್ಚರಿಕೆ ಬರತ್ತೆ, ಕೊನೇ ರಿಪ್ಲೈ ಆಗಿ 180 ದಿನ ದಾಟಿದ್ರೆ ನೀವು ಟೈಪ್ ಮಾಡೋಕೆ ಶುರು ಮಾಡಿದಾಗಲೇ, ಇದು ಹಳೇದು, ಮೇಲೆ ತರ್ತಿದ್ದೀರಾ, ಇದ್ದೋರಿಗೆಲ್ಲ ಸುದ್ದಿ ಹೋಗತ್ತೆ, ಗೊತ್ತಿದ್ದೇ ಮಾಡ್ತಿದ್ದೀರಾ ಅಂತ ಕೇಳತ್ತೆ. ಆ ದಿನಗಳ ಲೆಕ್ಕ ಅಡ್ಮಿನ್ ಬದಲಾಯಿಸಬಹುದು.

ಆದ್ರೆ ಹಳೇ ಥ್ರೆಡ್ಡು ಎಬ್ಬಿಸೋದೆಲ್ಲ ತಪ್ಪು ಅನ್ನೋ ವಾದ ನಾನು ಒಪ್ಪಲ್ಲ. ಗೂಗಲಲ್ಲಿ ಹುಡುಕಿದಾಗ ಸಿಗೋದು ಆ ಹಳೇ ಥ್ರೆಡ್ಡೇ, ಹೊಸದಲ್ಲ. ಅದೇ ಪ್ರಾಬ್ಲಂ, ಅದೇ ಮಾಡೆಲ್ಲು, ಉತ್ತರ ಇಲ್ಲದೆ ನಿಂತಿರೋ ಥ್ರೆಡ್ಡು ಸಿಕ್ಕಿ, ನಿಮಗೆ ಪರಿಹಾರ ಗೊತ್ತಾಗಿದ್ರೆ ಎಷ್ಟು ವರ್ಷ ಆಗಿದ್ರೂ ಅಲ್ಲೇ ಹಾಕಿ, ನಿಮ್ಮ ಹಿಂದೆ ಹುಡುಕ್ತಾ ಬರೋರು ಬಂದು ನಿಲ್ಲೋದು ಅಲ್ಲೇ. ಪ್ರಾಬ್ಲಂ ಮಾತ್ರ ಇದ್ದು ಪರಿಹಾರ ಇಲ್ಲದಿದ್ರೆ ಹೊಸ ಥ್ರೆಡ್ ತೆಗೆದು ಹಳೇದರ ಲಿಂಕ್ ಕೊಡಿ, ಅಲ್ಲಿ ಹೇಳಿದ್ದೆಲ್ಲ ಮಾಡಿ ನೋಡಿದೆ ಅಂತ ಒಂದು ಸಾಲು ಸೇರಿಸಿ. ಟೀಮ್-ಬಿಎಚ್‌ಪಿ ಥರದ ಕಾರಿನ ಫೋರಂ ನೋಡಿ, ಅಲ್ಲಿ ತಮ್ಮ ಗಾಡಿಯ ಓನರ್‌ಶಿಪ್ ಥ್ರೆಡ್ಡನ್ನ ಸರ್ವೀಸ್ ಆದಾಗ, ಟೈರ್ ಬದಲಾಯಿಸಿದಾಗ ಬಂದು ಮುಂದುವರಿಸ್ತಾನೇ ಇರ್ತಾರೆ, ವರ್ಷಗಟ್ಟಲೆ ಒಂದೇ ಥ್ರೆಡ್ಡು. ಒಂದು ಲಕ್ಷ ಕಿಲೋಮೀಟರ್ ಆದ್ಮೇಲೆ ಕ್ಲಚ್ಚು ಏನಾಯ್ತು ಅಂತ ಗೊತ್ತಾಗೋದು ಆ ಥರ ಎಬ್ಬಿಸಿದ ಥ್ರೆಡ್ಡಲ್ಲೇ. ಅಲ್ಲೇ ಹೊಸ ಥ್ರೆಡ್ ತೆಗೆದ್ರೆ ಮೊದಲು ಸರ್ಚ್ ಮಾಡಿ ಅಂತ ಹೇಳಿಸ್ಕೋತೀರಾ. ಒಂದೊಂದು ಊರಿಗೆ ಒಂದೊಂದು ನೀತಿ.

ಎರಡು ಸಲ ಸರಿಯಾಗಿ ಬಂಪ್ ಮಾಡಿದ್ರೂ ಉತ್ತರ ಇಲ್ಲ ಅಂದ್ರೆ ಆ ಫೋರಂನಲ್ಲಿ ಗೊತ್ತಿರೋರು ಇಲ್ಲ ಅಂತ ತಿಳ್ಕೊಂಡು ಬೇರೆ ಕಡೆ ಕೇಳಿ. ಕೇಳುವಾಗ ಇಲ್ಲಿನ ಲಿಂಕ್ ಅಲ್ಲಿ, ಅಲ್ಲಿನ ಲಿಂಕ್ ಇಲ್ಲಿ ಹಾಕಿ, ಒಂದೇ ಪ್ರಶ್ನೆಗೆ ಎರಡು ಕಡೆ ಜನ ಕೂತು ತಲೆ ಕೆಡಿಸ್ಕೊಂಡು ಆಮೇಲೆ ಗೊತ್ತಾದ್ರೆ ಬೇಜಾರಾಗ್ತಾರೆ.

ಸಣ್ಣ ಫೋರಂ ನಡೆಸೋರಿಗೆ ಎರಡು ಮಾತು

ಬಂಪ್ ಕಾಟ ಜಾಸ್ತಿ ಅಂದ್ರೆ ಬೈಯೋ ಮುಂಚೆ ಸೆಟ್ಟಿಂಗ್ ನೋಡಿ. ಪಿಎಚ್‌ಪಿಬಿಬಿ ಆದ್ರೆ ಆ 10 ದಿನವನ್ನ ಎರಡೋ ಮೂರೋ ದಿನಕ್ಕೆ ಇಳಿಸಿದ್ರೆ ಜನ ಲಿಂಕ್ ಒತ್ತಿ ಹೋಗ್ತಾರೆ, ಥ್ರೆಡ್ಡುಗಳಲ್ಲಿ ಕಸ ಬೀಳಲ್ಲ. ಉತ್ತರವಿಲ್ಲದ ಪೋಸ್ಟುಗಳು ಅನ್ನೋ ಸರ್ಚ್ ಲಿಂಕ್ ಅದರಲ್ಲಿ ಮೊದಲಿಂದ ಇದೆ, ಅದನ್ನ ಎಲ್ಲರಿಗೂ ಕಾಣೋ ಕಡೆ ಹಾಕಿ, ಗೊತ್ತಿರೋ ಹಳೇ ಸದಸ್ಯರು ವಾರಕ್ಕೊಂದ್ಸಲ ಅದನ್ನ ನೋಡಿದ್ರೂ ಸಾಕು, ಅರ್ಧ ಬಂಪು ಬೇಕಾಗೋದೇ ಇಲ್ಲ. ಡಿಸ್ಕೋರ್ಸಲ್ಲಿ ಪ್ರತಿ ಕ್ಯಾಟಗರಿಯ ಸೆಟ್ಟಿಂಗಲ್ಲೂ ದಿನಕ್ಕೆ ಎಷ್ಟು ತೆರೆದ ಥ್ರೆಡ್ಡುಗಳನ್ನ ತಾನಾಗೇ ಮೇಲೆ ತರ್ಬೇಕು ಅಂತ ಒಂದು ಅಂಕಿ ಹಾಕೋ ಜಾಗ ಇದೆ, ಸಪೋರ್ಟ್ ಕ್ಯಾಟಗರಿಗೆ ಒಂದೋ ಎರಡೋ ಇಟ್ಟು ನೋಡಿ. ಸ್ಪ್ಯಾಮರ್ ಯಾರೋ ಹಳೇ ಥ್ರೆಡ್ಡಿಗೆ ಲಿಂಕ್ ಹಾಕಿ ಮೇಲೆ ತಂದಿದ್ರೆ ಆ ಪೋಸ್ಟ್ ಅಳಿಸಿ, ಆಮೇಲೂ ಥ್ರೆಡ್ಡು ಮೇಲೇ ಕೂತಿದ್ರೆ ಡಿಸ್ಕೋರ್ಸಲ್ಲಿ ವ್ರೆಂಚ್ ಗುರುತಿನ ಮೆನು ಒಳಗೆ ಬಂಪ್ ತಾರೀಖು ರಿಸೆಟ್ ಮಾಡೋ ಆಯ್ಕೆ ಇದೆ, ಒತ್ತಿದ್ರೆ ಅದು ಮೊದಲಿದ್ದ ಜಾಗಕ್ಕೇ ವಾಪಸ್ ಹೋಗತ್ತೆ.